ಸಾಲಿಗೆ ಚಳಿ ಸೂಟಿ ಯಾವಾಗ್ರಿ, ಅಕ್ಕೋರ?

2025ರ ಡಿಸೆಂಬರ್ ಎರಡನೇ ವಾರ. ಪ್ರಾರ್ಥನೆ ಮುಗಿಸಿ ಮಕ್ಕಳನ್ನು ಒಳಗೆ ಕಳಿಸುತ್ತಿದ್ದೆ. ಐದನೇ ತರಗತಿಯ ಹುಡುಗನೊಬ್ಬ ಸಾಲು ಬಿಟ್ಟು ಬಂದು ನನ್ನ ಮುಂದೆ ನಿಂತ. “ಅಕ್ಕೋರ, ಹುಬ್ಬಳ್ಳ್ಯಾಗ ನಮ್ಮ ಕಾಕಾನ ಮಗಗ ಹತ್ತು ದಿನ ಸೂಟಿ ಅಂತ್ರಿ. ನಮಗ ಯಾವಾಗ್ರಿ?”

ಸಂಜೆ ಅವರವ್ವ ಗೇಟಿನ ಹತ್ತಿರ ಸಿಕ್ಕು ಅದನ್ನೇ ಕೇಳಿದಳು. ಮಗನ ಲೆಕ್ಕ ಆಟದ್ದು, ತಾಯಿಯ ಲೆಕ್ಕ ಹತ್ತಿಯದು. “ಸೂಟಿ ಬಿಟ್ರ ನಾಕ ಮಂದಿ ಕೂಡಿ ಹತ್ತಿ ಬಿಡಿಸಿ ಒಗದ್ಬಿಡ್ತೀವ್ರಿ.”

ಅವಳ ಕಷ್ಟ ಸುಳ್ಳಲ್ಲ. ನವಲಗುಂದ, ಅಣ್ಣಿಗೇರಿಯ ಎರೆಹೊಲಗಳಲ್ಲಿ ಹತ್ತಿ ಒಡೆದು ನಿಂತಿದೆ. ಕುಂದಗೋಳದ ಕಡೆ ಮೆಣಸಿನಕಾಯಿ ಕೆಂಪೇರಿದೆ. ಕಲಘಟಗಿ ಕಡೆ ಭತ್ತದ ರಾಶಿ ಮುಗಿಸಿದವರು ಬೇರೆ ಕೂಲಿ ಹುಡುಕುತ್ತಿದ್ದಾರೆ. ಆಳು ಸಿಗದ ಇಂಥ ಹೊತ್ತಿನಲ್ಲೇ ಶಾಲೆಯ ಬಗ್ಗೆ ಊರಲ್ಲಿ ಒಂದಿಷ್ಟು ಮಾತು ಹುಟ್ಟಿಕೊಳ್ಳುತ್ತವೆ. ಬಾಯಿಂದ ಬಾಯಿಗೆ ದಾಟಿ ದಾಟಿ ಅವೇ ಕಾಯ್ದೆಯಾಗಿಬಿಡುತ್ತವೆ. ಪ್ರತಿವರ್ಷ ನಾನು ಕೇಳುವ ಏಳು ಮಾತುಗಳನ್ನು ಇಲ್ಲಿ ಒಂದೊಂದಾಗಿ ಬಿಡಿಸಿ ನೋಡಿದ್ದೇನೆ.

ತಪ್ಪು ಕಲ್ಪನೆ 1: “ಕ್ರಿಸ್‌ಮಸ್‌ಗೆ ಎಲ್ಲಾ ಸಾಲಿಗೂ ಸೂಟಿ ಬಿಡ್ತಾರ.”

ಸತ್ಯ: ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಚಳಿಗಾಲದ ರಜೆ ಎಂಬುದೇ ಇಲ್ಲ. ಡಿಸೆಂಬರ್ 25 ಒಂದು ದಿನ ರಜೆ, ಮರುದಿನ ಶಾಲೆ. ವರ್ಷಕ್ಕೆ ದೊಡ್ಡ ರಜೆ ಎರಡೇ: ಒಂದು ದಸರಾ, ಇನ್ನೊಂದು ಬೇಸಿಗೆ. 2025-26ರ ವೇಳಾಪಟ್ಟಿಯಂತೆ ಶಾಲೆ ಶುರುವಾದದ್ದು ಮೇ 29ಕ್ಕೆ. ಬೇಸಿಗೆ ರಜೆ 2026ರ ಏಪ್ರಿಲ್ 11ರಿಂದ.

ಹಾಗಾದರೆ ಹುಬ್ಬಳ್ಳಿಯ ಹುಡುಗನಿಗೆ ಹತ್ತು ದಿನ ಎಲ್ಲಿಂದ ಬಂತು? ಕ್ರೈಸ್ತ ಆಡಳಿತ ಮಂಡಳಿಯ ಕೆಲವು ಶಾಲೆಗಳು ಇಲಾಖೆಯ ಒಪ್ಪಿಗೆ ಪಡೆದು ಕ್ರಿಸ್‌ಮಸ್‌ಗೆ ರಜೆ ಕೊಡುತ್ತವೆ. ಅಷ್ಟು ದಿನವನ್ನು ದಸರಾ ರಜೆಯಲ್ಲಿ ಮುರಿದುಕೊಂಡಿರುತ್ತವೆ. ನಮ್ಮ ಮಕ್ಕಳು ಹಬ್ಬಕ್ಕೆ ಮನೆಯಲ್ಲಿದ್ದಾಗ ಅಲ್ಲಿಯವರು ತರಗತಿಯಲ್ಲಿದ್ದರು ಅಂದಂತಾಯಿತು. ಇನ್ನು ಫೋನಿನಲ್ಲಿ ಓಡಾಡುವ ‘ಶೀತಗಾಳಿ, ಶಾಲೆಗಳಿಗೆ ರಜೆ’ ಸುದ್ದಿ ಬಹುಪಾಲು ದೆಹಲಿ, ಉತ್ತರಪ್ರದೇಶದ ಕಡೆಯದು.

ಈ ವರ್ಷ ಇನ್ನೊಂದು ಲೆಕ್ಕವೂ ಇದೆ. ಸೆಪ್ಟೆಂಬರ್ 20ಕ್ಕೆ ಶುರುವಾದ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಹೋದದ್ದರಿಂದ ಅದು 18ರವರೆಗೆ ಹಿಗ್ಗಿತು. ಅದರ ಬೆನ್ನಿಗೇ ದೀಪಾವಳಿ ಬಂತು. ಎರಡನೇ ಅವಧಿ ಮೊದಲೇ ಮೊಟಕಾಗಿದೆ. ಅದಕ್ಕೆ ಡಿಸೆಂಬರ್, ಜನವರಿ ಈಗ ದಣಿವಾರಿಸಿಕೊಳ್ಳುವ ತಿಂಗಳಲ್ಲ, ಹಿಂದೆ ಬಿದ್ದ ಪಾಠ ತುಂಬಿಕೊಳ್ಳುವ ತಿಂಗಳು.

ತಪ್ಪು ಕಲ್ಪನೆ 2: “ಎಳ್ಳಮಾಸಿಗೆ ಸರ್ಕಾರದ್ದೇ ಸೂಟಿ. ಗುಡ್ಡಕ್ಕ ಹೋದ್ರ ಹಾಜರಿ ಹಾಕ್ತಾರ.”

ಸತ್ಯ: ಎಳ್ಳ ಅಮಾವಾಸ್ಯೆ ಸರ್ಕಾರದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿಲ್ಲ. ಸಂಕ್ರಾಂತಿ ಇದೆ. ನಮ್ಮ ಕಡೆ ಎಳ್ಳಮಾಸಿ ದಿನ ಶಾಲೆಯ ಬಾಗಿಲು ಹಾಕಿದ್ದರೆ ಅದು ಶಾಲೆಗೆ ಇರುವ ಕೆಲವೇ ಸ್ಥಳೀಯ ರಜೆಗಳಲ್ಲಿ ಒಂದನ್ನು ಖರ್ಚು ಮಾಡಿದ್ದು. ಊರ ಜಾತ್ರೆಗೂ ಅದೇ ಗಂಟಿನಿಂದ ತೆಗೆಯಬೇಕು.

ಈ ಸಲ ಎಳ್ಳಮಾಸಿ ಡಿಸೆಂಬರ್ 19, ಶುಕ್ರವಾರ. ಮಕ್ಕಳು ಚರಗ ಚೆಲ್ಲಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಹೊಲದಲ್ಲೇ ಕೂತು ಉಣ್ಣಲಿ. ಭೂಮಿತಾಯಿಗೆ ಉಡಿ ತುಂಬುವುದನ್ನು ಯಾವ ಪುಸ್ತಕವೂ ಅಷ್ಟು ಚೆಂದ ಕಲಿಸದು. ತೊಂದರೆ ಹಬ್ಬದ ದಿನದಿಂದಲ್ಲ, ಅದರ ಬಾಲದಿಂದ. ಶುಕ್ರವಾರ ಹಬ್ಬ. ಶನಿವಾರ ಅರ್ಧ ದಿನದ ಶಾಲೆ ಎಂದು ಬಿಡುವುದು. ಭಾನುವಾರ ಹೇಗೂ ಇದೆ. ಸೋಮವಾರ ತವರಿನಿಂದ ಬಸ್ಸು ಸಿಗಲಿಲ್ಲ. ಒಂದು ಹಬ್ಬಕ್ಕೆ ನಾಲ್ಕು ದಿನ ಹೋಯಿತು. ಜನವರಿ 3ರ ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರದೂ ಇದೇ ಕತೆ. ಹೋಗುವುದಿದ್ದರೆ ಎರಡು ಸಾಲಿನ ಚೀಟಿ ಬರೆದು ಕೊಡಿ. ಚೀಟಿ ಕೊಟ್ಟರೂ ಹಾಜರಿ ಸಿಗುವುದಿಲ್ಲ. ಆದರೆ ಮಗು ಎಲ್ಲಿದೆ, ಎಂದು ಬರುತ್ತದೆ ಎಂಬುದು ನಮಗೆ ತಿಳಿದಿರುತ್ತದೆ.

ತಪ್ಪು ಕಲ್ಪನೆ 3: “ನಮ್ಮ ಹುಡುಗ ನಮ್ಮ ಹೊಲದಾಗ ದುಡದ್ರ ಯಾವ ಕಾಯ್ದೆನೂ ಕೇಳಂಗಿಲ್ಲ.”

ಸತ್ಯ: ಇದು ಅರ್ಧ ನಿಜ, ಅದಕ್ಕೇ ಹೆಚ್ಚು ಅಪಾಯ. ಬಾಲಕಾರ್ಮಿಕ ಕಾಯ್ದೆ ಬಂದದ್ದು 1986ರಲ್ಲಿ. 2016ರ ತಿದ್ದುಪಡಿಯ ನಂತರ 14 ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮನೆಯ ಕೆಲಸದಲ್ಲಿ, ಮನೆತನದ ಕಸುಬಿನಲ್ಲಿ ಮಗು ಕೈಗೂಡಿಸಬಹುದು. ಆದರೆ ಅದಕ್ಕೆ ಎರಡು ಬೇಲಿ ಹಾಕಿದ್ದಾರೆ: ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ, ಮತ್ತು ಅಪಾಯದ ಕೆಲಸ ಆಗಿರಬಾರದು. ಬುಧವಾರ ಬೆಳಗ್ಗೆ ಹತ್ತಕ್ಕೆ ಸ್ವಂತ ಹೊಲದಲ್ಲಿ ಹತ್ತಿ ಬಿಡಿಸುವ ಹುಡುಗಿ ಈ ಬೇಲಿಯ ಆಚೆ ನಿಂತಿದ್ದಾಳೆ.

ಬೇರೆಯವರ ಹೊಲಕ್ಕೆ ಕೆಜಿ ಲೆಕ್ಕದ ಕೂಲಿಗೆ ಹೋದರಂತೂ ಅನುಮಾನವೇ ಬೇಡ. ಅವ್ವನ ಚೀಲಕ್ಕೆ ಮಗಳು ಬಿಡಿಸಿದ ಹತ್ತಿ ಕೂಡಿಸಿ ತೂಗಿದರೂ ಅದು ಕೂಲಿಯೇ. ದುಡಿಸಿಕೊಂಡ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷದ ಸೆರೆ, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಎರಡೂ ಬೀಳಬಹುದು. ಮಕ್ಕಳು ತೊಂದರೆಯಲ್ಲಿದ್ದಾರೆ ಅನಿಸಿದರೆ 1098ಕ್ಕೆ ಯಾರು ಬೇಕಾದರೂ ಪುಕ್ಕಟೆ ಕರೆ ಮಾಡಬಹುದು.

ಕಾಯ್ದೆ ಅತ್ತ ಇರಲಿ, ಕೈ ನೋಡಿ. “ಸಣ್ಣ ಬೆರಳಿಗೆ ಹತ್ತಿ ಲಗೂ ಬರ್ತೈತಿ” ಅನ್ನುತ್ತಾರೆ. ಒಣಗಿದ ಹತ್ತಿಕಾಯಿಯ ತುದಿ ಮುಳ್ಳಿನಂತಿರುತ್ತದೆ. ಉಗುರಿನ ಸಂದಿಯಲ್ಲಿ ಗೀರಿ ಗೀರಿ ಬೆರಳು ಒಡೆಯುತ್ತದೆ. ಮೆಣಸಿನಕಾಯಿ ಬಿಡಿಸಿ ಬಂದ ಮಗು ಎಷ್ಟು ತೊಳೆದರೂ ಖಾರ ಹೋಗುವುದಿಲ್ಲ. ಮರೆತು ಕಣ್ಣು ಉಜ್ಜಿಕೊಂಡಿತೋ, ಆ ದಿನದ ಪಾಠ ಮುಗಿಯಿತು. ಅಂಥ ಬೆರಳಲ್ಲಿ ಪೆನ್ಸಿಲ್ ಹಿಡಿಯುವುದನ್ನು ಜನವರಿ ಪೂರ್ತಿ ನೋಡುತ್ತೇನೆ.

ತಪ್ಪು ಕಲ್ಪನೆ 4: “ಹತ್ತ ದಿನಾ ಬಿಟ್ರ ಏನಾತು? ಬಂದಮ್ಯಾಲ ಕಲೀತಾನ.”

ಸತ್ಯ: ಒಂದರಿಂದ ಮೂರನೇ ತರಗತಿಯ ನಲಿ-ಕಲಿಯಲ್ಲಿ ಈ ಮಾತಿಗೆ ಸ್ವಲ್ಪ ಅರ್ಥವಿದೆ. ಅಲ್ಲಿ ಪ್ರತಿ ಮಗುವಿಗೂ ತನ್ನದೇ ಕಲಿಕೆಯ ಏಣಿ. ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ನಾಲ್ಕನೇ ತರಗತಿಗೆ ಬಂದ ಮೇಲೆ ಏಣಿ ಕಾಯುವುದಿಲ್ಲ, ಇಡೀ ತರಗತಿ ಒಟ್ಟಿಗೆ ಮುಂದೆ ಹೋಗುತ್ತದೆ.

ಕಳೆದ ಜನವರಿಯಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಮೆಣಸಿನಕಾಯಿಗೆ ಹೋಗಿ ಹನ್ನೊಂದು ದಿನ ಬಿಟ್ಟು ಬಂದಳು. ಹೋಗುವಾಗ ಗುಣಾಕಾರದಲ್ಲಿ ಮುಂದಿದ್ದವಳು. ಬರುವಷ್ಟರಲ್ಲಿ ನಾವು ಭಾಗಾಕಾರಕ್ಕೆ ಬಂದಿದ್ದೆವು. 96ನ್ನು 7ರಿಂದ ಭಾಗಿಸಲು ಕೊಟ್ಟೆ. ಮಗ್ಗಿ ಬರುತ್ತಿತ್ತಲ್ಲ, 13ರವರೆಗೆ ಸರಿಯಾಗಿ ಬಂದಳು. ಕೆಳಗೆ 5 ಉಳಿಯಿತು. ಬಳಪ ಅಲ್ಲೇ ನಿಂತಿತು. “ಅಕ್ಕೋರ, ಉಳದದ್ದನ್ನ ಏನ್ ಮಾಡೂದ್ರಿ?” ಎಂದು ಕೇಳುವ ಧೈರ್ಯ ಬರಲು ಅವಳಿಗೆ ಮೂರು ದಿನ ಹಿಡಿಯಿತು. ಆ ಮೂರೂ ದಿನ ಪಕ್ಕದವಳ ಪಾಟಿ ನೋಡಿ ಬರೆದಿದ್ದಳು. ಹೋದದ್ದು ಹನ್ನೊಂದು ದಿನ, ಕಳೆದದ್ದು ಹದಿನಾಲ್ಕು. ಜೊತೆಗೆ ‘ನನಗ ಲೆಕ್ಕ ಬರಂಗಿಲ್ಲ’ ಎಂಬ ಸಂಕೋಚ ಬೇರೆ.

ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ಆಗಬೇಕು ಅನ್ನುತ್ತದೆ. ಹತ್ತಿಗೆ ಹತ್ತು ದಿನ, ಗುಡ್ಡಕ್ಕೆ ಮೂರು, ಎಳ್ಳಮಾಸಿಯ ಬಾಲಕ್ಕೆ ಎರಡು, ಸಂಕ್ರಾಂತಿಯದಕ್ಕೆ ಎರಡು ಎಂದಿಟ್ಟುಕೊಳ್ಳಿ. ಹದಿನೇಳು ಆಯಿತು. 200ರಲ್ಲಿ ನೂರಕ್ಕೆ ಎಂಟೂವರೆ ಪಾಲು, ಅದೂ ಎರಡೇ ತಿಂಗಳಲ್ಲಿ.

ತಪ್ಪು ಕಲ್ಪನೆ 5: “ದುಡಿಯಾಕ ಬ್ಯಾರೆ ಊರಿಗೆ ಹೋದ್ರ ಟಿ.ಸಿ. ಇಲ್ಲದ ಅಲ್ಲಿ ಸೇರಿಸ್ಕೊಳ್ಳಂಗಿಲ್ಲ.”

ಸತ್ಯ: ಸೇರಿಸಿಕೊಳ್ಳಲೇಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಇದನ್ನು ಬಿಡಿಸಿ ಹೇಳುತ್ತದೆ: ಟಿ.ಸಿ. ತರಲು ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ, ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೂ ಅಷ್ಟೇ. ವಯಸ್ಸಿನ ದಾಖಲೆ ಇಲ್ಲವೆಂದೂ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಕೇಳಿದಾಗ ಟಿ.ಸಿ. ಕೊಡುವುದು ಮುಖ್ಯಾಧ್ಯಾಪಕರ ಕರ್ತವ್ಯ.

ಗೋವಾಕ್ಕೆ ಕೂಲಿಗೆ, ಕಬ್ಬು ಕಡಿಯಲು ಗಂಟುಮೂಟೆ ಕಟ್ಟುವ ಮನೆಯವರು ಹೊರಡುವ ಮೊದಲು ಒಮ್ಮೆ ಶಾಲೆಗೆ ಬನ್ನಿ. ಮಗುವನ್ನು ಅಜ್ಜಿಯ ಹತ್ತಿರ ಬಿಡಲು ಆದೀತೇ ನೋಡಿ. ಶಾಲೆಯಲ್ಲಿ ಮಧ್ಯಾಹ್ನದ ಊಟ ಇದ್ದೇ ಇದೆ, ಮುದುಕಿಗೆ ಒಂದು ಹೊತ್ತಿನ ಹೊರೆ ಕಡಿಮೆ. ಆಗದಿದ್ದರೆ ಎಲ್ಲಿಗೆ, ಎಷ್ಟು ತಿಂಗಳು ಎಂದು ಹೇಳಿ ಹೋಗಿ. ನಾವು ಅಲ್ಲಿಯ ಶಾಲೆಗೆ ಒಂದು ಫೋನ್ ಮಾಡಬಹುದು.

ತಪ್ಪು ಕಲ್ಪನೆ 6: “ಚಳ್ಯಾಗ ಬಾಳಿಹಣ್ಣ ತಿಂದ್ರ ನೆಗಡಿ, ತತ್ತಿ ತಿಂದ್ರ ಕಾವು.”

ಸತ್ಯ: ನೆಗಡಿ ತರುವುದು ವೈರಾಣು, ಬಾಳೆಹಣ್ಣಲ್ಲ. ಚಳಿಗೆ ಕಿಟಕಿ ಬಾಗಿಲು ಮುಚ್ಚಿ ಒತ್ತಾಗಿ ಕೂರುವುದರಿಂದ ಒಬ್ಬರ ಸೀನು ಇನ್ನೊಬ್ಬರಿಗೆ ಬೇಗ ತಾಗುತ್ತದೆ, ಅಷ್ಟೆ. ತತ್ತಿ ಮೈಗೆ ಕಾವು ಹಚ್ಚುವುದಿಲ್ಲ. ಒಂದು ತತ್ತಿಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದೆ. ಬೆಳೆಯುವ ಮಗುವಿಗೆ ಅದು ಎಲ್ಲ ಕಾಲದಲ್ಲೂ ಬೇಕು.

ಶಾಲೆಯ ಊಟದಲ್ಲಿ ವಾರಕ್ಕೆ ಎರಡು ದಿನವಿದ್ದ ತತ್ತಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರ ಸೆಪ್ಟೆಂಬರ್‌ನಲ್ಲಿ ಆರು ದಿನಕ್ಕೇರಿತು. ತತ್ತಿ ತಿನ್ನದವರಿಗೆ ಬಾಳೆಹಣ್ಣು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿಗೆ 2024ರಿಂದ ರಾಗಿ ಮಾಲ್ಟ್ ಕೂಡಿದೆ. ಹತ್ತು ದಿನ ಹೊಲಕ್ಕೆ ಹೋದ ಮಗು ಪಾಠದ ಜೊತೆಗೆ ಹತ್ತು ಬಿಸಿ ಊಟವನ್ನೂ ತತ್ತಿಯನ್ನೂ ಕಳೆದುಕೊಳ್ಳುತ್ತದೆ. ಕೂಲಿಯ ಲೆಕ್ಕ ಹಾಕುವಾಗ ಇದನ್ನೂ ಕಳೆದು ನೋಡಿ.

ಚಳಿಯ ಬಗ್ಗೆ ಒಂದು ಮಾತು. ನಮ್ಮಲ್ಲಿ ನಸುಕಿಗೆ 12–15 ಡಿಗ್ರಿ, ಮಧ್ಯಾಹ್ನಕ್ಕೆ 30ರ ಹತ್ತಿರ. ಶನಿವಾರದ ಬೆಳಗಿನ ಶಾಲೆಗೆ ಮಕ್ಕಳು ನಡುಗುತ್ತ ಬರುವುದು ನಿಜ. ಅದಕ್ಕೆ ಮನೆಯಲ್ಲೇ ಉಳಿಸುವುದು ಮದ್ದಲ್ಲ. ಒಂದು ಸ್ವೆಟರ್, ಕಿವಿ ಮುಚ್ಚುವ ಟೋಪಿ ಸಾಕು, ಬಿಸಿಲೇರಿದ ಮೇಲೆ ತೆಗೆದಿಡುತ್ತಾರೆ. ಆದರೆ ದಾರಿಬದಿಯ ಬೆಂಕಿಗೆ ಮೈ ಕಾಯಿಸಿಕೊಳ್ಳಲು ನಿಲ್ಲಬೇಡಿ ಎಂದು ಹೇಳಿ ಕಳಿಸಿ. ನೈಲಾನ್ ಬಟ್ಟೆಗೆ ಒಂದು ಕಿಡಿ ಸಾಕು.

ತಪ್ಪು ಕಲ್ಪನೆ 7: “ಆರಾಮಿದ್ದ ಹುಡುಗಗ ಸಾಲ್ಯಾಗ ಗುಳಗಿ ಯಾಕ ನುಂಗಸ್ತಾರ?”

ಸತ್ಯ: ಹೊಟ್ಟೆಯಲ್ಲಿ ಹುಳ ಇದ್ದ ಮಗು ಆಡುತ್ತಿರುತ್ತದೆ, ನಗುತ್ತಿರುತ್ತದೆ. ಉಂಡದ್ದರ ಸತ್ವ ಮಾತ್ರ ಮೈಗೆ ಹತ್ತುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಬರಿಗಾಲಲ್ಲಿ ಹೊಲ ಮೆಟ್ಟುವ ನಮ್ಮ ಮಕ್ಕಳಿಗೆ ಕೊಕ್ಕೆಹುಳದ ಕಾಟ ಹೆಚ್ಚು. ಫೆಬ್ರುವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಅಂದು ಕೊಡುವ ಅಲ್ಬೆಂಡಜೋಲ್ ಗುಳಗಿಯನ್ನು ಅಗಿದು ತಿನ್ನಬೇಕು. ಮಗುವಿಗೆ ಜ್ವರವಿದ್ದರೆ ಮೊದಲೇ ತಿಳಿಸಿ. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಗಿಯಿಂದ ಮಲ ಕಪ್ಪಾದರೆ ಗಾಬರಿಯಾಗಬೇಡಿ, ಅದು ಸಹಜ.

ಸುಗ್ಗಿ ಮುಗಿಯುವ ತನಕ ಬಾಗಿಲಿನ ಹಿಂದೆ ಅಂಟಿಸಿಕೊಳ್ಳಲು ನಾಲ್ಕು ಮಾತು:

– ಎಳ್ಳಮಾಸಿ ಒಂದು ದಿನ, ಕ್ರಿಸ್‌ಮಸ್ ಒಂದು ದಿನ. ಮರುದಿನ ಶಾಲೆ ಇದೆ.
– ಹೊಲದ ಕೆಲಸಕ್ಕೆ ಮಕ್ಕಳ ಕೈ ಬೇಕೇ ಬೇಕೆಂದರೆ ಸಂಜೆ ಶಾಲೆ ಬಿಟ್ಟ ಮೇಲೆ, ಇಲ್ಲವೇ ಭಾನುವಾರ. ಔಷಧ ಹೊಡೆದ ಹೊಲಕ್ಕೆ ಎಂದೂ ಬೇಡ.
– ಊರು ಬಿಡುವ ಮೊದಲು ಶಾಲೆಗೆ ತಿಳಿಸಿ.
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಬನ್ನಿ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು. ಸ್ಥಳೀಯ ರಜೆ ಯಾವ ದಿನಕ್ಕೆ ಇಡಬೇಕೆಂಬ ಮಾತು ಅಲ್ಲೇ ಎತ್ತಿ.

ಆ ತಾಯಿಗೆ ಅಂದು ಗೇಟಿನಲ್ಲಿ ಇಷ್ಟೆಲ್ಲ ಹೇಳಲಿಲ್ಲ. “ನಸುಕಿಗೆ ಇಬ್ಬನಿ ಬಿದ್ದ ಹತ್ತಿ ಬಿಡಸಂಗಿಲ್ಲ ಹೌದಲ್ಲೋ ಯವ್ವಾ? ಬಿಸಲೇರೂತನ ಕಾಯ್ತೀರಿ. ಹಂಗ ಇದೂ ಒಂದೀಟ ಕಾಯ್ರಿ” ಅಂದೆ. ಅವಳು ನಕ್ಕಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಮರುದಿನ ಹುಡುಗ ಬಂದಿದ್ದ, ಜೇಬಿನಲ್ಲಿ ಒಂದು ಚೀಟಿ ಇತ್ತು. ಅವ್ವ ಹೇಳಿದ್ದನ್ನು ತಾನೇ ಬರೆದುಕೊಂಡು ಬಂದಿದ್ದ: ಎಳ್ಳಮಾಸಿಗೆ ಅಜ್ಜಿ ಊರಿಗೆ ಹೋಗುತ್ತೇವೆ, ಸೋಮವಾರ ಬರುತ್ತೇನೆ. ‘ಸೋಮವಾರ’ದ ಕೆಳಗೆ ಎರಡು ಗೆರೆ ಎಳೆದಿದ್ದ.