ಪರದೆಯ ಸೊಬಗೋ, ಯಂತ್ರದ ಕಸುವೋ?

ಪಿ.ಯು.ಸಿ. ಮುಗಿದು ಇಂಜಿನಿಯರಿಂಗ್ ಕಾಲೇಜಿನ ಪ್ರವೇಶ ನಿಶ್ಚಯವಾಗುತ್ತಲೇ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಲ್ಯಾಪ್‌ಟಾಪಿನ ಮಾತು ಏಳುತ್ತದೆ. ಓದಿಗೆ ಅದು ಬೇಕು ಎಂಬಲ್ಲಿ ತಂದೆ-ಮಕ್ಕಳಿಗೆ ಭಿನ್ನಾಭಿಪ್ರಾಯವಿಲ್ಲ. ಮಗ ‘ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು’ ಎಂದಾಗಲೇ ಭಿನ್ನಾಭಿಪ್ರಾಯ ತಲೆದೋರುವುದು. ಆಟ ಆಡಬೇಕೇ ಬೇಡವೇ ಎಂಬ ವಾದವನ್ನು ನಾವಿಲ್ಲಿ ಎತ್ತುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂಗೀಕರಿಸಿದೆ. ಅವು ನಮ್ಮ ವಿಷಯವಲ್ಲ. ಮನರಂಜನೆಗೆಂದು ಆಡುವ ಆಟವನ್ನು ನಡೆಸಬಲ್ಲ ಯಂತ್ರವೇ ಸೇತುವೆಯ ನಕಾಶೆಯನ್ನೂ ಯಂತ್ರಭಾಗಗಳ ಚಿತ್ರವನ್ನೂ ಮೂರು ಆಯಾಮಗಳಲ್ಲಿ ತಿರುಗಿಸಿ ತೋರಿಸಬಲ್ಲದು. ಆದುದರಿಂದ ಹುಡುಗನ ಬೇಡಿಕೆಯನ್ನು ಕೇವಲ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ನಾವು ಹೇಳಹೊರಟಿರುವುದು ಅದರ ಮುಂದಿನ ಸಂಗತಿ. ಇಂತಿಷ್ಟು ಹಣವೆಂದು ನಿಶ್ಚಯವಾದ ಮೇಲೆ, ಆ ಹಣವನ್ನು ನುಣುಪಾದ ಪರದೆಗೆ ಹೆಚ್ಚು ಕೊಡಬೇಕೋ, ಒಳಗಿನ ಚಿತ್ರ ರಚಿಸುವ ಯಂತ್ರಕ್ಕೆ ಹೆಚ್ಚು ಕೊಡಬೇಕೋ? ಲಕ್ಷ ರೂಪಾಯಿಯ ಆಸುಪಾಸಿನ ಖರೀದಿ ಇದು. ಕಾಯಕದಿಂದ ಕೂಡಿಟ್ಟ ಹಣಕ್ಕೆ ಪತ್ತಿನ ಸಹಕಾರಿ ಸಂಘದ ಸಾಲವನ್ನೂ ಸೇರಿಸಿ ಕೊಳ್ಳುವ ಮನೆಗಳೇ ಹೆಚ್ಚು. ತಂದ ವಸ್ತು ನಾಲ್ಕು ವರ್ಷ ಬಾಳದೆ ಎರಡನೆಯ ವರ್ಷಕ್ಕೇ ‘ಸಾಲದು’ ಎನಿಸಿದರೆ ಮತ್ತೊಂದನ್ನು ತರುವ ಶಕ್ತಿ ಎಷ್ಟು ಮನೆಗಳಿಗಿದೆ?

ಮೊದಲು ಪರದೆಯ ಲೆಕ್ಕ. ಪರದೆಯ ಚಿತ್ರವೆಲ್ಲ ಸಣ್ಣ ಸಣ್ಣ ಚುಕ್ಕೆಗಳಿಂದಾದುದು. ಇವಕ್ಕೆ ಪಿಕ್ಸೆಲ್ ಎಂದು ಹೆಸರು. ಇಳಕಲ್ಲಿನ ಸೀರೆಯಲ್ಲಿ ಎಳೆಗಳು ಒತ್ತಾದಷ್ಟೂ ನೇಯ್ಗೆ ನುಣುಪಾಗುವಂತೆ, ಪಿಕ್ಸೆಲ್‌ಗಳು ಒತ್ತಾದಷ್ಟೂ ಚಿತ್ರದ ಅಂಚು ನಯವಾಗುತ್ತದೆ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಪರದೆಯನ್ನು ಅಂಗಡಿಯವರು ಫುಲ್ ಎಚ್‌ಡಿ ಎನ್ನುತ್ತಾರೆ. ಗುಣಿಸಿದರೆ 20,73,600 ಚುಕ್ಕೆಗಳು. 2560×1440ರ ಪರದೆ ಕ್ಯೂಎಚ್‌ಡಿ, ಅದರಲ್ಲಿ 36,86,400. 3840×2160ರದ್ದು 4ಕೆ; ಅದರಲ್ಲಿ 82,94,400, ಎಂದರೆ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಜಾಹೀರಾತುಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವ ಅಂಕಿಗಳು ಇವೇ.

ಹೆಚ್ಚು ಚುಕ್ಕೆಗಳಿದ್ದರೆ ನಷ್ಟವೇನು ಎಂದು ಯಾರಾದರೂ ಕೇಳಿಯಾರು. ಓದುವವನಿಗೆ ನಷ್ಟವೇನೂ ಇಲ್ಲ. ನಾವು ತಾಡವೋಲೆಯ ಪ್ರತಿಗಳ ಛಾಯಾಚಿತ್ರಗಳನ್ನು ಪರದೆಯ ಮೇಲಿಟ್ಟು ಪರಿಶೀಲಿಸುವವರು. ಉದ್ದನೆಯ ಗರಿಯೊಂದನ್ನು ಪೂರ್ತಿಯಾಗಿ ಪರದೆಯಲ್ಲಿ ತಂದಾಗ ಒತ್ತಕ್ಷರದ ಕೊಂಡಿಯೂ ದೀರ್ಘದ ಗೀರೂ ಸ್ಪಷ್ಟವಾಗಿ ಕಾಣಬೇಕಾದರೆ ಚುಕ್ಕೆಗಳು ಹೆಚ್ಚಿರುವುದೇ ಲೇಸು. ಕನ್ನಡದ ಲಿಪಿಗೆ ಇದು ವಿಶೇಷವಾಗಿ ಸಲ್ಲುವ ಮಾತು. ಅಕ್ಷರದ ಅಡಿಯಲ್ಲಿ ಕುಳಿತ ಒತ್ತು 1366×768ರ ಹಳೆಯ ಪರದೆಗಳಲ್ಲಿ ಮಸಿ ಚೆಲ್ಲಿದಂತೆ ಕಾಣುತ್ತಿದ್ದುದನ್ನು ಬಲ್ಲವರು ಬಲ್ಲರು. ಆದರೆ ಓಲೆಯ ಛಾಯಾಚಿತ್ರ ಮೊದಲೇ ಸಿದ್ಧವಾಗಿರುವ ವಸ್ತು. ಯಂತ್ರ ಅದನ್ನು ತಂದು ತೋರಿಸಿದರೆ ಸಾಕು, ಮತ್ತೆ ನಾವು ಪುಟ ತಿರುವುವವರೆಗೆ ಅದಕ್ಕೆ ಹೆಚ್ಚಿನ ಕೆಲಸವಿಲ್ಲ.

ಆಟದಲ್ಲಿ ಹೀಗಲ್ಲ. ಅಲ್ಲಿ ಯಾವ ಚಿತ್ರವೂ ಮೊದಲೇ ಸಿದ್ಧವಿರುವುದಿಲ್ಲ. ಆಡುವವನು ಬೆರಳು ಅಲುಗಿಸಿದಂತೆ ಬೆಳಕು, ನೆರಳು, ದೂರ, ಬಣ್ಣ ಇವೆಲ್ಲವನ್ನೂ ಲೆಕ್ಕಹಾಕಿ ಒಂದೊಂದು ಚಿತ್ರವನ್ನೂ ಆಗಿಂದಾಗ್ಗೆ ಹೊಸದಾಗಿ ಬರೆಯಬೇಕು. ಸೆಕೆಂಡಿಗೆ ಇಂಥ 60 ಚಿತ್ರಗಳು ಬಂದರೆ ಚಲನೆ ಸರಾಗವೆನಿಸುತ್ತದೆ. ಆಗ ಒಂದು ಚಿತ್ರಕ್ಕೆ ದೊರೆಯುವ ಅವಕಾಶ ಸೆಕೆಂಡಿನ ಸಾವಿರದಲ್ಲಿ ಸುಮಾರು 17 ಭಾಗ. ಈಗ ಹೆಸರಾಗಿರುವ 144 ಹರ್ಟ್ಸ್‌ನ ಪರದೆಯನ್ನು ಪೂರ್ತಿಯಾಗಿ ಬಳಸಬೇಕೆಂದರೆ ಅವಕಾಶ ಸಾವಿರದಲ್ಲಿ 7 ಭಾಗಕ್ಕೆ ಇಳಿಯಿತು. ಇಷ್ಟರೊಳಗೆ 20 ಲಕ್ಷ ಚುಕ್ಕೆಗಳಿಗೆ ಬಣ್ಣ ನಿರ್ಧರಿಸಬೇಕೋ, 36 ಲಕ್ಷಕ್ಕೋ, 82 ಲಕ್ಷಕ್ಕೋ ಎಂಬುದೇ ಪ್ರಶ್ನೆ. ಈ ಕೆಲಸವನ್ನು ಮಾಡುವುದು ಗ್ರಾಫಿಕ್ಸ್ ಚಿಪ್. ಅದರ ಕೆಲಸದಲ್ಲಿ ಚುಕ್ಕೆಗಳಿಗೆ ಸಂಬಂಧಿಸದ ಭಾಗವೂ ಇರುವುದರಿಂದ ಚುಕ್ಕೆ ಏರಿದಷ್ಟೇ ಪ್ರಮಾಣದಲ್ಲಿ ವೇಗ ಇಳಿಯದು. ಆದರೂ ಭಾರವಾದ ಆಟವೊಂದು ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 60 ಚಿತ್ರ ಕೊಡುತ್ತಿದ್ದರೆ, ಅದೇ ಚಿಪ್ ಕ್ಯೂಎಚ್‌ಡಿಯಲ್ಲಿ 40-45ರ ಸುಮಾರಿಗೆ ಇಳಿಯುವುದು ಸಾಮಾನ್ಯ. 4ಕೆಯಲ್ಲಂತೂ ಅದು ಏದುಸಿರು ಬಿಡುತ್ತದೆ. ಸೆಕೆಂಡಿಗೆ 25 ಚಿತ್ರ ಬರುವ ಆಟ ಎಷ್ಟೇ ನುಣುಪಾಗಿದ್ದರೂ ಎತ್ತಿನ ಬಂಡಿ ಕಲ್ಲುಹಾದಿಯಲ್ಲಿ ನಡೆದಂತೆಯೇ.

ಇನ್ನು ಆ ನುಣುಪು ಕಣ್ಣಿಗೆ ಎಷ್ಟು ದಕ್ಕುತ್ತದೆ ಎಂಬುದನ್ನೂ ನೋಡಬೇಕು. ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರ್ಪಡಿಸಿ ಕಾಣಬಲ್ಲದೆಂದು ಕಣ್ಣಿನ ವೈದ್ಯರ ಅಳತೆ. ಪರದೆ ಎರಡಡಿ, ಎಂದರೆ ಸುಮಾರು 60 ಸೆಂಟಿಮೀಟರ್ ದೂರದಲ್ಲಿದ್ದರೆ ಇದು 0.17 ಮಿಲಿಮೀಟರ್ ಆಯಿತು. ಲ್ಯಾಪ್‌ಟಾಪುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 15.6 ಅಂಗುಲದ ಪರದೆಯಲ್ಲಿ ಫುಲ್ ಎಚ್‌ಡಿಯ ಒಂದು ಚುಕ್ಕೆ 0.18 ಮಿಲಿಮೀಟರ್, ಆಗಲೇ ಕಣ್ಣಿನ ಮಿತಿಯ ಅಂಚಿಗೆ ಬಂದಾಯಿತು. ಕ್ಯೂಎಚ್‌ಡಿಯ ಚುಕ್ಕೆ 0.135. ಮುಂದಕ್ಕೆ ಬಾಗಿ ಕೂರುವ ಹುಡುಗನ ಕಣ್ಣಿಗೆ ಈ ವ್ಯತ್ಯಾಸ ತಿಳಿಯುತ್ತದೆ, ಅಲ್ಲಗಳೆಯಲಾಗದು. 4ಕೆಯ ಚುಕ್ಕೆ 0.09 ಮಾತ್ರ. ಅಷ್ಟು ಚಿಕ್ಕ ಪರದೆಯಲ್ಲಿ ಅಷ್ಟು ಚುಕ್ಕೆ ತುಂಬಿದರೆ ಅಕ್ಷರಗಳು ಓದಲಾಗದಷ್ಟು ಕಿರಿದಾಗುವುದರಿಂದ ವಿಂಡೋಸ್ ಅವನ್ನು ಸಾಮಾನ್ಯವಾಗಿ ಎರಡೂವರೆ ಪಟ್ಟು ಹಿಗ್ಗಿಸಿಯೇ ತೋರಿಸುತ್ತದೆ. ಆಟಕ್ಕಾಗಿ ಕೊಳ್ಳುವ 15.6 ಅಂಗುಲದ ಲ್ಯಾಪ್‌ಟಾಪಿಗೆ 4ಕೆ ಪರದೆ ಆಡಂಬರವೆಂದೇ ನಮ್ಮ ಅಭಿಪ್ರಾಯ.

ನಿಜವಾದ ತೂಗಾಟ ಇರುವುದು ಫುಲ್ ಎಚ್‌ಡಿ ಮತ್ತು ಕ್ಯೂಎಚ್‌ಡಿಗಳ ನಡುವೆ. ಹಾವೇರಿ ಜಿಲ್ಲೆಯ ಒಂದು ಒಕ್ಕಲುತನದ ಕುಟುಂಬ ಹುಬ್ಬಳ್ಳಿಯಲ್ಲಿ ಮಗನಿಗೆ ಯಂತ್ರ ಕೊಳ್ಳುವ ಮುನ್ನ ನಮ್ಮ ಅಭಿಪ್ರಾಯ ಕೇಳಿತ್ತು. ಅವರ ಮುಂದಿದ್ದವು ಎರಡು. ಬೆಲೆಯಲ್ಲಿ ಕೆಲವೇ ಸಾವಿರದ ಅಂತರ. ಒಂದರಲ್ಲಿ ಕ್ಯೂಎಚ್‌ಡಿ ಪರದೆ, ಒಳಗೆ ಎನ್ವಿಡಿಯಾದ ಆರ್‌ಟಿಎಕ್ಸ್ 4050 ಚಿಪ್. ಇನ್ನೊಂದರಲ್ಲಿ ಫುಲ್ ಎಚ್‌ಡಿ ಪರದೆ, ಒಳಗೆ 4060. ಎರಡು ಚಿಪ್‌ಗಳೂ 2023ರಲ್ಲಿ ಬಂದವು. ಮೊದಲನೆಯದಕ್ಕೆ ಸ್ವಂತ ಸ್ಮೃತಿಕೋಶ 6 ಜಿಬಿ, ಎರಡನೆಯದಕ್ಕೆ 8 ಜಿಬಿ. ಹುಡುಗನ ಮನಸ್ಸು ಮೊದಲನೆಯದರ ಮೇಲೆ. ತಾಯಿ ನಮ್ಮನ್ನು ಕೇಳಿದ ಪ್ರಶ್ನೆ ಸರಳವಾಗಿತ್ತು: “ಗುರುಗಳ, ಚಿತ್ರಾ ಚಂದ ಕಾಣ್ಲಿ ಅಂತನ ಅಲ್ಲೇನ್ರಿ ಇಷ್ಟು ರೊಕ್ಕಾ ಕೊಡೂದು?”

ಮಾತು ತಪ್ಪಲ್ಲ. ಆದರೆ ಚಿತ್ರ ಚಂದ ಕಾಣುವುದು ಚುಕ್ಕೆಗಳ ಎಣಿಕೆಯೊಂದರಿಂದಲೇ ಅಲ್ಲ. ನೆರಳಿನ ಸೂಕ್ಷ್ಮತೆ, ನೀರಿನ ಮೇಲಣ ಪ್ರತಿಬಿಂಬ, ಗೋಡೆಯ ಒರಟುತನ ಇವೆಲ್ಲ ಚಿಪ್‌ನ ಶಕ್ತಿಯನ್ನೂ ಅದರ ಸ್ಮೃತಿಕೋಶವನ್ನೂ ಅವಲಂಬಿಸಿವೆ. ಕೋಶ ತುಂಬಿ ತುಳುಕಿದಾಗ ಆಟ ಕ್ಷಣಕಾಲ ನಿಂತು ನಿಂತು ಸಾಗುತ್ತದೆ. ಇಲ್ಲವೆ ಈ ಸೊಬಗುಗಳನ್ನೇ ಒಂದೊಂದಾಗಿ ಕಡಿತಗೊಳಿಸಬೇಕಾಗುತ್ತದೆ. ಹಾಗಾದರೆ ಕ್ಯೂಎಚ್‌ಡಿ ಪರದೆ ಕೊಂಡು, ಆಟವನ್ನು ಮಾತ್ರ ಫುಲ್ ಎಚ್‌ಡಿಯಲ್ಲಿ ಆಡಿದರಾಗದೇ ಎಂದು ಆ ಹುಡುಗ ಕೇಳಿದ, ಜಾಣ ಪ್ರಶ್ನೆ. ಇಲ್ಲೊಂದು ತೊಡಕಿದೆ. ಹಳೆಯ ಗಾಜಿನ ಕೊಳವೆಯ ಮಾನಿಟರುಗಳಿಗೆ ಖಚಿತವಾದ ಚುಕ್ಕೆಗಳ ಚೌಕಟ್ಟು ಇರಲಿಲ್ಲ. ಈಗಿನ ಪರದೆಗಳಿಗೆ ಇದೆ. 1920 ಚುಕ್ಕೆಗಳ ಸಾಲನ್ನು 2560 ಚುಕ್ಕೆಗಳ ಮೇಲೆ ಹರಡಬೇಕೆಂದರೆ ಒಂದು ಚುಕ್ಕೆ ಒಂದು ಪೂರ್ತಿ ಮೂರನೇ ಒಂದು ಭಾಗಕ್ಕೆ ಹಿಗ್ಗಬೇಕು. ಚುಕ್ಕೆಯನ್ನು ಸೀಳಲಾಗದ ಕಾರಣ ಅಂಚುಗಳೆಲ್ಲ ಮಸುಕಾಗುತ್ತವೆ. ನಿಜವಾದ ಫುಲ್ ಎಚ್‌ಡಿ ಪರದೆಯಷ್ಟೂ ಅದು ತಿಳಿಯಾಗಿ ಕಾಣದು.

ಇದಕ್ಕೆ ಪರಿಹಾರವೊಂದನ್ನು ಚಿಪ್ ತಯಾರಕರೇ ಕಂಡುಹಿಡಿದಿದ್ದಾರೆ. ಕಡಿಮೆ ಚುಕ್ಕೆಗಳಲ್ಲಿ ಚಿತ್ರ ಬರೆದು, ಹಿಂದಿನ ಚಿತ್ರಗಳ ಮಾಹಿತಿಯನ್ನೂ ಬಳಸಿ ಜಾಣತನದಿಂದ ಹಿಗ್ಗಿಸುವ ವಿಧಾನ ಅದು. ಎನ್ವಿಡಿಯಾದ್ದು ಡಿಎಲ್‌ಎಸ್‌ಎಸ್, ಅದರ ಸುಧಾರಿತ ಎರಡನೆಯ ಆವೃತ್ತಿ 2020ರಲ್ಲಿ ಬಂದಿತು. ಎಎಂಡಿಯದ್ದು ಎಫ್‌ಎಸ್‌ಆರ್. ಡಿಎಲ್‌ಎಸ್‌ಎಸ್‌ನ ‘ಕ್ವಾಲಿಟಿ’ ಎಂಬ ಆಯ್ಕೆಯಲ್ಲಿ ಕ್ಯೂಎಚ್‌ಡಿ ಪರದೆಗೆ ಆಟ ಬರೆಯಲ್ಪಡುವುದು 960 ಸಾಲುಗಳಲ್ಲಿ. ಫುಲ್ ಎಚ್‌ಡಿಗಾದರೆ 720 ಸಾಲುಗಳಲ್ಲಿ. ಬೀಜ ಹೆಚ್ಚಿದ್ದಲ್ಲಿ ಬೆಳೆ ಚೆನ್ನಾಗುವಂತೆ ಕ್ಯೂಎಚ್‌ಡಿಯಲ್ಲಿ ಈ ವಿಧಾನದ ಫಲ ಹೆಚ್ಚು ಚೊಕ್ಕಟ. ಆದುದರಿಂದ 8 ಜಿಬಿ ಅಥವಾ ಅದಕ್ಕೂ ಮೇಲ್ಪಟ್ಟ ಗಟ್ಟಿ ಚಿಪ್ ಇರುವ ಯಂತ್ರದಲ್ಲಿ ಕ್ಯೂಎಚ್‌ಡಿ ಬೇಡವೆಂದು ನಾವು ಹೇಳಲಾರೆವು. 6 ಜಿಬಿಯ ಚಿಪ್‌ಗೆ ಅದನ್ನು ಕಟ್ಟುವುದು ಮಾತ್ರ ಸಣ್ಣ ಹೋರಿಗೆ ದೊಡ್ಡ ನೊಗ ಹೂಡಿದಂತೆ. ಎಲ್ಲ ಆಟಗಳಲ್ಲಿಯೂ ಈ ವಿಧಾನ ಲಭ್ಯವಿಲ್ಲವೆಂಬುದನ್ನೂ ನೆನಪಿಡಬೇಕು.

ಆ ಮನೆಗೆ ನಾವು ಎರಡನೆಯದನ್ನೇ ಸೂಚಿಸಿದೆವು. ಮುಖ್ಯ ಕಾರಣ ಬೇರೆಯೇ ಇದೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ ತಾಯಿಹಲಗೆಗೆ ಬೆಸುಗೆಗೊಂಡಿರುತ್ತದೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕಾರ್ಡು ಬದಲಿಸುವಂತೆ ಇಲ್ಲಿ ಬದಲಿಸಲಾಗದು. ಕೊಂಡ ದಿನದ ಚಿಪ್ಪೇ ಕಡೆಯವರೆಗೆ. ಪರದೆಯ ವಿಷಯ ಹಾಗಲ್ಲ. ಮುಂದೆ ಕೈಯಲ್ಲಿ ನಾಲ್ಕು ಕಾಸಾದಾಗ 27 ಅಂಗುಲದ ಕ್ಯೂಎಚ್‌ಡಿ ಮಾನಿಟರೊಂದನ್ನು ತಂದು ಎಚ್‌ಡಿಎಂಐ ತಂತಿಯಿಂದ ಜೋಡಿಸಿದರಾಯಿತು. ಓದುಬರಹಕ್ಕೂ ಅದು ಹೆಚ್ಚು ಅನುಕೂಲ. ಆಮೇಲೆ ಕೂಡಿಸಬಹುದಾದುದಕ್ಕೆ ಈಗಲೇ ಸಾಲ ಮಾಡಿ, ಆಮೇಲೆ ಕೂಡಿಸಲಾಗದುದರಲ್ಲಿ ಈಗ ಜಿಪುಣತನ ತೋರುವುದು ಮನೆವಾರ್ತೆ ಬಲ್ಲವರ ಲೆಕ್ಕವಲ್ಲ ಎಂದು ಹೇಳಿದಾಗ ತಾಯಿ ತಲೆದೂಗಿದರು. ಮಗ ಒಂದೆರಡು ದಿನ ಮುನಿಸಿಕೊಂಡಿದ್ದನೆಂದು ಕೇಳಿದೆವು.

ಎಲ್ಲರಿಗೂ ಇದೇ ಉತ್ತರವೆಂದು ತಿಳಿಯಬಾರದು. ಆಡುವ ಆಟ ಯಾವುದೆಂದು ಮಗನನ್ನೇ ಕೇಳಬೇಕು. ವ್ಯಾಲೊರಂಟ್‌ನಂಥ ಆಟಗಳು ಹಗುರ. ಸಾಧಾರಣ ಚಿಪ್ ಕೂಡ ಅವನ್ನು ಸೆಕೆಂಡಿಗೆ ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ಓಡಿಸುತ್ತದೆ. ಇಲ್ಲೊಂದು ವಿನೋದವಿದೆ: ಕೌಂಟರ್ ಸ್ಟ್ರೈಕ್ ಆಟದ ವೃತ್ತಿಪರ ಸ್ಪರ್ಧಿಗಳಲ್ಲಿ ಅನೇಕರು ಇಂದಿಗೂ ಬೇಕೆಂದೇ 1280×960ಕ್ಕೆ ಇಳಿಸಿಕೊಂಡು ಆಡುತ್ತಾರೆ. ಗೆಲ್ಲುವವರಿಗೆ ನುಣುಪಿಗಿಂತ ವೇಗ ಮುಖ್ಯ! 2020ರಲ್ಲಿ ಬಂದ ಸೈಬರ್‌ಪಂಕ್ 2077ನಂಥ ಆಟಗಳಾದರೋ ಗಟ್ಟಿ ಚಿಪ್‌ಗಳನ್ನೂ ಬೆವರಿಳಿಸುತ್ತವೆ. ಛಾಯಾಚಿತ್ರ, ಮುದ್ರಣ ವಿನ್ಯಾಸ, ವಾಸ್ತುಶಿಲ್ಪ ಇವು ಮಗಳ ಅಥವಾ ಮಗನ ಓದಿನ ವಿಷಯವಾಗಿ, ಆಟ ಕೇವಲ ಭಾನುವಾರದ ಮಾತಾಗಿದ್ದರೆ ತಕ್ಕಡಿ ಪರದೆಯ ಕಡೆಗೇ ವಾಲಬೇಕು. ಪ್ರೋಗ್ರಾಂ ಬರೆಯುವವರಿಗೆ 1920×1200ರ ಪರದೆ ಒಂದು ಒಳ್ಳೆಯ ನಡುಹಾದಿ. ಚುಕ್ಕೆಗಳು ನೂರಕ್ಕೆ ಹನ್ನೊಂದರಷ್ಟು ಮಾತ್ರ ಹೆಚ್ಚು, ಆದರೆ ಪುಟದಲ್ಲಿ ಕಾಣುವ ಸಾಲುಗಳು ಹೆಚ್ಚು.

ಅಂಗಡಿಯಲ್ಲಿ ಚಿಪ್‌ನ ಹೆಸರೊಂದನ್ನೇ ನಂಬಿ ಬರಬಾರದು. 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್‌ಗೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ವಿದ್ಯುತ್ ಒದಗಿಸಬಹುದು. ತೆಳ್ಳಗೆ, ಹಗುರವಾಗಿ ಕಾಣುವ ಯಂತ್ರದಲ್ಲಿ ಕಡಿಮೆ ವ್ಯಾಟ್‌ನ ಚಿಪ್ ಇದ್ದು, ದಪ್ಪನೆಯ ಯಂತ್ರದ 4050 ಅದನ್ನು ಹಿಂದಿಕ್ಕುವುದೂ ಉಂಟು. 4070ರ ಲ್ಯಾಪ್‌ಟಾಪ್ ಚಿಪ್‌ಗೆ 8 ಜಿಬಿ, ಅದೇ ಹೆಸರಿನ ಡೆಸ್ಕ್‌ಟಾಪ್ ಕಾರ್ಡಿಗೆ 12 ಜಿಬಿ. ಹೆಸರು ಒಂದೇ, ಹುರುಳು ಬೇರೆ. ಕಲಬುರ್ಗಿ, ರಾಯಚೂರು, ವಿಜಯಪುರಗಳ ಬೇಸಿಗೆಯಲ್ಲಿ ಫ್ಯಾನು ಹೀರಿಕೊಳ್ಳುವ ಗಾಳಿಯೇ 40 ಡಿಗ್ರಿ ದಾಟಿರುವಾಗ ತೆಳು ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕರೆಂಟು ಹೋಗಿ ಬ್ಯಾಟರಿಯ ಮೇಲೆ ನಡೆಯುವಾಗಲೂ ಆಟದ ವೇಗ ಗಣನೀಯವಾಗಿ ಇಳಿಯುತ್ತದೆ. ಅದು ದೋಷವಲ್ಲ, ಯಂತ್ರದ ಸ್ವಭಾವ.

ಪರದೆಯ ವಿಚಾರದಲ್ಲಿಯೂ ಚುಕ್ಕೆಯ ಎಣಿಕೆಗಿಂತ ಹೆಚ್ಚು ಕಾಡುವ ಕೊರತೆ ಬಣ್ಣದ್ದು. ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣಗಳು ಪೇಲವ. ಕುಂಕುಮವೂ ಇಟ್ಟಿಗೆಯ ಬಣ್ಣದಂತೆ ಕಂಡೀತು. ‘100% ಎಸ್‌ಆರ್‌ಜಿಬಿ’ ಎಂದಿರುವ ಫುಲ್ ಎಚ್‌ಡಿ ಪರದೆ ಸಿಕ್ಕರೆ, ಪೇಲವವಾದ ಕ್ಯೂಎಚ್‌ಡಿಗಿಂತ ಅದೇ ಮೇಲು. ಹೊಳಪು 300 ನಿಟ್ಸ್‌ಗೆ ಕಡಿಮೆಯಿದ್ದರೆ ಪಡಸಾಲೆಯ ಹಗಲು ಬೆಳಕಿನಲ್ಲಿ ಕಷ್ಟ. ಮನೆಗೆ ತಂದ ದಿನವೇ ಪರದೆಯ ತುಂಬ ಒಮ್ಮೆ ಅಚ್ಚ ಬಿಳಿ, ಒಮ್ಮೆ ಅಚ್ಚ ಕಪ್ಪು ಚಿತ್ರವಿಟ್ಟು ಸತ್ತ ಚುಕ್ಕೆಗಳೇನಾದರೂ ಇವೆಯೇ ಎಂದು ಕತ್ತಲೆ ಕೋಣೆಯಲ್ಲಿ ನೋಡಬೇಕು. ಅಂಗಡಿಯವರು ಹಿಂತೆಗೆದುಕೊಳ್ಳುವ ಅವಧಿ ಎಷ್ಟು ದಿನವೆಂಬುದನ್ನು ರಸೀತಿಯ ಮೇಲೆಯೇ ಬರೆಸಿಕೊಂಡಿರಬೇಕು.