ಊರಿನ ಬೆಳಕು ಊರಿನವರ ಕೈಯಲ್ಲಿ

1902ನೆಯ ಇಸವಿಯಲ್ಲಿ ಶಿವನಸಮುದ್ರದ ಕಾವೇರಿಯಿಂದ ಹೊರಟ ವಿದ್ಯುತ್ತು ಸುಮಾರು ನೂರೈವತ್ತು ಕಿಲೋಮೀಟರು ದೂರ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಮೈಸೂರು ಸಂಸ್ಥಾನದ ಈ ಸಾಹಸವನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ, ನೆನೆಯಬೇಕಾದುದೇ. ಆದರೆ ಆ ತಂತಿ ಯಾವ ಹಳ್ಳಿಗಳ ನೆತ್ತಿಯ ಮೇಲೆ ಹಾದುಹೋಯಿತೋ ಆ ಹಳ್ಳಿಗಳಲ್ಲಿ ಅನಂತರವೂ ಬಹುಕಾಲ ಹರಳೆಣ್ಣೆಯ ಹಣತೆ, ಸೀಮೆಎಣ್ಣೆಯ ಬುಡ್ಡಿಗಳೇ ಉರಿಯುತ್ತಿದ್ದವು. ಬೆಳಕು ಅವರ ಮೇಲಿಂದ ಹೋಯಿತು, ಅವರಲ್ಲಿಗೆ ಬರಲಿಲ್ಲ.

ಇಂದು ಕಲ್ಲಿದ್ದಲಿನ ಹೊಗೆಯನ್ನು ಬಿಟ್ಟು ಬಿಸಿಲು, ಗಾಳಿಗಳಿಂದ ಶಕ್ತಿಯನ್ನು ಪಡೆಯಬೇಕೆಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಅದು ಬರಿಯ ಮಾತಲ್ಲವೆಂಬುದನ್ನು 2023ನೆಯ ವರ್ಷ ನಮಗೆ ತೋರಿಸಿಕೊಟ್ಟಿತು. ಆ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಜಲಾಶಯಗಳು ತುಂಬದೆ ಜಲವಿದ್ಯುತ್ತು ಕುಗ್ಗಿತು. ಒಣಗುವ ಪೈರನ್ನು ಉಳಿಸಿಕೊಳ್ಳಲು ರೈತರು ಕೊಳವೆಬಾವಿಯ ಪಂಪುಗಳನ್ನು ಹೆಚ್ಚು ಓಡಿಸಿದುದರಿಂದ ಬೇಡಿಕೆ ಏರಿತು. ಮಳೆಯ ಕೊರತೆಯೂ ಶಕ್ತಿಯ ಕೊರತೆಯೂ ಅಕ್ಕತಂಗಿಯರಂತೆ ಕೂಡಿಯೇ ಬರುತ್ತವೆ. ಹೀಗಿರುವಾಗ, ಹೊಸ ಶಕ್ತಿಯ ಏರ್ಪಾಟಿನಲ್ಲಿ ಊರಿನವರ ಪಾಲೇನು ಎಂಬ ಪ್ರಶ್ನೆ ಮತ್ತೆ ಎದ್ದುನಿಂತಿದೆ. ಇದಕ್ಕೆ ಉತ್ತರವನ್ನರಸಿ ದೂರದೇಶಗಳಿಗೆ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯೊಂದರಲ್ಲಿಯೇ ನಮಗೆ ಎರಡು ಪಾಠಗಳು ದೊರೆಯುತ್ತವೆ.

ಪುರದ ಸಗಣಿ, ಪುರದ ದೀಪ

ಮೊದಲನೆಯದು ಕುಣಿಗಲ್ ತಾಲ್ಲೂಕಿನ ಪುರ ಎಂಬ ಚಿಕ್ಕ ಹಳ್ಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ವಿಜ್ಞಾನವನ್ನು ಗ್ರಾಮಗಳ ಕೆಲಸಕ್ಕೆ ಹಚ್ಚಬೇಕೆಂಬುದು ಅದರ ಗುರಿ. ಅದನ್ನು ಕಟ್ಟಿದವರು ಪ್ರಾಧ್ಯಾಪಕ ಅಮೂಲ್ಯ ರೆಡ್ಡಿಯವರು. ಅವರೂ ಅವರ ಸಂಗಡಿಗರೂ ಮೊದಲು ಮಾಡಿದುದು ಯಂತ್ರ ಕಟ್ಟುವ ಕೆಲಸವನ್ನಲ್ಲ. ಲೆಕ್ಕ ಬರೆಯುವ ಕೆಲಸವನ್ನು. ಒಂದು ಹಳ್ಳಿಯ ದಿನದ ಬಾಳಿಗೆ ಎಷ್ಟು ಶಕ್ತಿ ಬೇಕು, ಅದು ಎಲ್ಲಿಂದ ಬರುತ್ತದೆ ಎಂದು ಮನೆಮನೆಯಲ್ಲಿ ವಿಚಾರಿಸಿದರು. ಶಕ್ತಿಯ ಬಹುಭಾಗ ಸೌದೆಯಿಂದ ಬರುತ್ತಿತ್ತು. ಸೌದೆ ಆಯ್ದು ತರುವ, ನೀರು ಹೊರುವ ದುಡಿಮೆಯ ಬಹುಪಾಲು ಹೆಂಗಸರ ಮೈಮೇಲೆ ಬಿದ್ದಿತ್ತು.

ಹಾಗಾದರೆ ಸಗಣಿಯಿಂದ ಅನಿಲ ಮಾಡಿ ಒಲೆಗೆ ಕೊಟ್ಟರಾಯಿತಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ಮೊದಲು ಯೋಚಿಸಿದುದೂ ಹಾಗೆಯೇ. ಆದರೆ ಊರಿನ ದನಗಳ ಸಗಣಿಯಿಂದ ಬರುವ ಅನಿಲ ಎಲ್ಲ ಮನೆಗಳ ಅಡುಗೆಗೆ ಸಾಲದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಸೌದೆಗೆ ಜನ ಕಾಸು ಕೊಡುತ್ತಿರಲಿಲ್ಲ; ಆದ್ದರಿಂದ ಒಲೆಯ ಅನಿಲ ಅವರ ಮೊದಲ ಬಯಕೆಯಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಕುಡಿಯುವ ಒಳ್ಳೆಯ ನೀರು. ಆ ಬಳಿಕ ಮನೆಗೊಂದು ದೀಪ.

ಈ ಮಾತು ಕಿವಿಗೆ ಬಿದ್ದಮೇಲೆ ಯೋಜನೆಯೇ ತಿರುಗಿತು. 1987ರಿಂದ ಪುರದಲ್ಲಿ ಅನಿಲ ಒಲೆಗೆ ಹೋಗುವ ಬದಲು ಎಂಜಿನ್ನಿಗೆ ಹೋಯಿತು. ಸ್ವಲ್ಪ ಡೀಸೆಲ್, ಬಹುಪಾಲು ಅನಿಲ ಬಳಸಿ ನಡೆಯುವ ಆ ಎಂಜಿನ್ನು ಸುಮಾರು ಐದು ಕಿಲೋವಾಟ್ ವಿದ್ಯುತ್ತನ್ನು ಕೊಟ್ಟಿತು. ಅದರಿಂದ ಕೊಳವೆಬಾವಿಯ ನೀರು ಮೇಲಿನ ತೊಟ್ಟಿಗೆ ಏರಿ ನಲ್ಲಿಗಳಲ್ಲಿ ಇಳಿಯಿತು. ಸಂಜೆಯ ಹೊತ್ತು ಮನೆಗಳಲ್ಲಿ ದೀಪ ಉರಿಯಿತು.

ಇದರ ವ್ಯವಹಾರ ಕ್ರಮ ಗಮನಿಸತಕ್ಕದ್ದು. ಬೆಳಗ್ಗೆ ಹೆಂಗಸರೂ ಮಕ್ಕಳೂ ಸಗಣಿ ತಂದು ತೂಗಿಸುತ್ತಿದ್ದರು. ಕಿಲೋ ಒಂದಕ್ಕೆ ಎರಡು ಪೈಸೆ ಅವರ ಕೈಗೆ ಬರುತ್ತಿತ್ತು. ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ತಮ್ಮ ಕೆಲಸ ಮುಗಿಸಿದ ಮೇಲೆ ಉಳಿಯುವ ಬಗ್ಗಡವನ್ನು ಸೋಸಿ, ತಂದ ಸಗಣಿಗೆ ತಕ್ಕಂತೆ ಮನೆಮನೆಗೆ ಗೊಬ್ಬರವಾಗಿ ಹಿಂದಿರುಗಿಸುತ್ತಿದ್ದರು. ಹೊಲದ ಸಾರ ಹೊಲಕ್ಕೇ ಸೇರುತ್ತಿತ್ತು. ಯಂತ್ರ ನಡೆಸಿದವರು ಊರಿನ ಹುಡುಗರೇ. ಮೇಲ್ವಿಚಾರಣೆ ಊರಿನ ಸಭೆಯದೇ.

ಹಂಚಿಕೊಳ್ಳುವ ಸ್ವತ್ತನ್ನು ಒಬ್ಬೊಬ್ಬರೂ ಸ್ವಾರ್ಥಕ್ಕಾಗಿ ಕೆಡಿಸುತ್ತಾರೆಂಬುದು ಅರ್ಥಶಾಸ್ತ್ರಜ್ಞರ ಹಳೆಯ ವಾದ. ಪುರದಲ್ಲಿ ಏಕೆ ಹಾಗಾಗಲಿಲ್ಲವೆಂಬುದನ್ನು ಅಮೂಲ್ಯ ರೆಡ್ಡಿಯವರು ವಿಚಾರಮಾಡಿ ಬರೆದಿದ್ದಾರೆ. ಒಂದು ಮನೆ ಸಗಣಿ ಕೊಡದೆ ಉಳಿಸಿಕೊಂಡರೆ ಅದಕ್ಕಾಗುವ ಲಾಭ ಅಲ್ಪ. ಎಲ್ಲರೂ ಹಾಗೆ ಮಾಡಿ ಯಂತ್ರ ನಿಂತರೆ, ಆ ಮನೆಯ ನಲ್ಲಿಯ ನೀರೂ ದೀಪವೂ ಅಂದೇ ನಿಲ್ಲುತ್ತವೆ. ಕೂಡಿ ನಡೆಯುವುದರ ಫಲ ಕಣ್ಣಿಗೆ ಕಾಣುವಂತಿದ್ದರೆ ಜನ ತಾವಾಗಿಯೇ ಕೂಡುತ್ತಾರೆ. 'ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ' ಎಂಬ ಗಾದೆ ಉಪದೇಶದಿಂದ ಹುಟ್ಟಿದುದಲ್ಲ, ಅನುಭವದಿಂದ ಹುಟ್ಟಿದುದು.

ಪಾವಗಡದ ಬಿಸಿಲು

ಎರಡನೆಯ ಪಾಠ ಅದೇ ಜಿಲ್ಲೆಯ ಉತ್ತರದ ತುದಿಯಲ್ಲಿದೆ. ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡ ತಾಲ್ಲೂಕು ಬರಕ್ಕೆ ಹೆಸರಾದುದು. ಕಡಲೆಕಾಯಿ ಬಿತ್ತಿ ಮೋಡ ನೋಡುತ್ತ ಕೂಡುವುದು, ಮಳೆ ಬಾರದೆ ಸಾಲ ಉಳಿಯುವುದು, ಕೊನೆಗೆ ಬೆಂಗಳೂರಿಗೆ ಗುಳೆ ಹೋಗುವುದು ಅಲ್ಲಿನವರಿಗೆ ಹೊಸದಲ್ಲ. ಪೈರಿಗೆ ಶಾಪವಾಗಿದ್ದ ಆ ಬಿಸಿಲೇ ಈಗ ಅಲ್ಲಿನ ಬೆಳೆ.

2015ರಲ್ಲಿ ಸ್ಥಾಪಿತವಾದ ಸರಕಾರಿ ಕಂಪೆನಿಯೊಂದು ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ನೆಲದಲ್ಲಿ ಸೌರಫಲಕಗಳಿಗೆ ಎಡೆಮಾಡಿಕೊಟ್ಟಿತು. 2018ರ ಮಾರ್ಚಿಯಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. ಅನಂತರ ಅದರ ಶಕ್ತಿ 2,050 ಮೆಗಾವಾಟಿಗೆ ಮುಟ್ಟಿತು. ಇಲ್ಲಿ ಮೆಚ್ಚಬೇಕಾದುದು ಫಲಕಗಳ ಸಂಖ್ಯೆಯನ್ನಲ್ಲ, ನೆಲ ಪಡೆದ ರೀತಿಯನ್ನು. ಸರಕಾರ ರೈತರಿಂದ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ, ಗೇಣಿಗೆ ಪಡೆಯಿತು. ಪಹಣಿಯಲ್ಲಿ ರೈತನ ಹೆಸರು ರೈತನದಾಗಿಯೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಅದರ ಮೇಲೆ ನೂರಕ್ಕೆ ಐದರಂತೆ ಏರಿಕೆ ಎಂಬುದು ಕರಾರು. ಹತ್ತು ಎಕರೆ ಒಣಭೂಮಿಯವನಿಗೆ ಮಳೆ ಬರಲಿ ಬಿಡಲಿ ಎರಡು ಲಕ್ಷಕ್ಕೆ ಮಿಕ್ಕಿದ ವರಮಾನ ನಿಶ್ಚಿತವಾಯಿತು. ಬರವನ್ನು ತಾಳಿಕೊಳ್ಳುವ ಶಕ್ತಿಯೆಂದರೆ ಇದೇ ಅಲ್ಲವೆ?

ಆದರೆ ವಾಚಕರೇ, ಈ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. ನೆಲವುಳ್ಳವನಿಗೆ ಗೇಣಿ ಬಂದಿತು, ನೆಲವಿಲ್ಲದವನಿಗೆ? ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಕರೆಯುತ್ತಿದ್ದ ಹೊಲಗಳು ಬೇಲಿಯ ಒಳಗಾದವು. ಕುರಿ ಮೇಕೆಗಳು ಅಲೆದಾಡುತ್ತಿದ್ದ ಬೀಡು ಮುಚ್ಚಿತು. ಫಲಕಗಳ ಧೂಳು ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ಸಿಕ್ಕಿದವು, ನಿಜ. ಆದರೆ ಹೊಲ ಸಾಕುತ್ತಿದ್ದಷ್ಟು ಕೈಗಳನ್ನು ಫಲಕ ಸಾಕಲಾರದು. ಹೊಲದ ಕೂಲಿಯಿಂದ ಬದುಕುತ್ತಿದ್ದ ಹೆಣ್ಣುಮಗಳ ಹೆಸರು ಯಾವ ಪಹಣಿಯಲ್ಲಿಯೂ ಇಲ್ಲ. ಆದುದರಿಂದ ಯಾವ ಕರಾರಿನಲ್ಲಿಯೂ ಇಲ್ಲ. ಗೇಣಿಯ ಹಣದ ಒಂದು ಸಣ್ಣ ಪಾಲು ಊರಿನ ಹೆಸರಿನಲ್ಲಿ ನಿಂತು, ಬೇಲಿಯೊಳಗೆ ಕುರಿ ಮೇಯಿಸುವ ಹಕ್ಕು ಊರಿನವರಿಗೆ ದೊರೆತು, ಕೆಲಸದಲ್ಲಿ ಭೂಹೀನರಿಗೇ ಮೊದಲ ಕರೆಯೆಂಬ ನಿಯಮ ಬರೆಹದಲ್ಲಿದ್ದರೆ ಈ ಕೊರತೆ ಬಹುಮಟ್ಟಿಗೆ ನೀಗಬಹುದು. ಮುಂದೆ ಬೇರೆಡೆ ಇಂಥ ಕ್ಷೇತ್ರಗಳನ್ನು ಕಟ್ಟುವವರು ಕರಾರಿಗೆ ಸಹಿ ಬೀಳುವ ಮೊದಲೇ ಇದನ್ನು ಯೋಚಿಸತಕ್ಕದ್ದು.

ನಮ್ಮ ಮನೆಯ ಮಾಳಿಗೆ

ಇದೆಲ್ಲ ಹಳ್ಳಿಯ ವಿಚಾರ, ನಗರದಲ್ಲಿರುವ ನಮಗೇನು ಎನ್ನುವಂತಿಲ್ಲ. ಪಾವಗಡದ ಬಿಸಿಲು ತಂತಿಗಳ ಜಾಲವನ್ನು ಸೇರಿ ನಮ್ಮ ಮನೆಗಳಿಗೂ ಹರಿಯುತ್ತದೆ. ಬಿಸಿಲಿನ ವಿದ್ಯುತ್ತು ಮಧ್ಯಾಹ್ನ ಹೇರಳ, ಸಂಜೆ ಇಲ್ಲ. ನೀರಿನ ಪಂಪನ್ನು, ಬಟ್ಟೆ ಒಗೆಯುವ ಯಂತ್ರವನ್ನು, ಇಸ್ತ್ರಿಯನ್ನು ಹಗಲಿನಲ್ಲಿಯೇ ನಡೆಸುವ ಗೃಹಿಣಿ ಸಂಜೆಯ ಹೊರೆಯನ್ನು ತನ್ನ ಮಟ್ಟಿಗೆ ಇಳಿಸುತ್ತಾಳೆ.

ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ಮಾಳಿಗೆಯ ಘಟಕಕ್ಕೆ 78,000 ರೂಪಾಯಿಯವರೆಗೆ ಸಹಾಯಧನವನ್ನು ಗೊತ್ತುಮಾಡಲಾಯಿತು. ವಸತಿ ಸಂಘಗಳು ಮೆಟ್ಟಿಲುದೀಪ, ಲಿಫ್ಟು, ಪಂಪುಗಳಂಥ ಸಾಮಾನ್ಯ ಉಪಯೋಗಕ್ಕೆ ಹಾಕಿಸುವ ಘಟಕಕ್ಕೂ ಅದರಲ್ಲಿ ನೆರವುಂಟು. ಆದರೆ ಇಲ್ಲಿಯೂ ಅದೇ ಪ್ರಶ್ನೆ ಬರುತ್ತದೆ: ಮಾಳಿಗೆ ಯಾರದು, ಖರ್ಚು ಹೇಗೆ ಹಂಚಬೇಕು, ಕೆಟ್ಟಾಗ ನೋಡುವವರು ಯಾರು? ಸಂಘದ ಸಭೆಗೆ ನಾಲ್ಕು ಜನ ಬಂದು ಉಳಿದವರು ಮನೆಯಲ್ಲಿ ಕುಳಿತರೆ, ಪುರದ ಹಳ್ಳಿಗರು ಸಾಧಿಸಿದುದನ್ನು ವಿದ್ಯಾವಂತರಾದ ನಾವು ಸಾಧಿಸಲಾರೆವು.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಕೆರೆಯ ತೂಬನ್ನೆತ್ತಿ ಗದ್ದೆ ಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಯನ್ನು ಹಿರಿಯರು ನೆನೆಯಬಲ್ಲರು. ಸುಗ್ಗಿಯಲ್ಲಿ ರೈತರೆಲ್ಲ ಸೇರಿ ಅವನಿಗೆ ಧಾನ್ಯ ಕೊಡುತ್ತಿದ್ದರು. ನೀರು ಕಡಮೆಯಾದ ವರ್ಷವೇ ಅವನ ನ್ಯಾಯಕ್ಕೆ ಪರೀಕ್ಷೆ. ಕೆರೆಯಂಗಳದಲ್ಲಿ ಹೂಳು ತುಂಬಿದುದು ಮಳೆಯ ದೋಷದಿಂದಲ್ಲ; ಕೆರೆ ತಮ್ಮದೆಂಬ ಭಾವ ಜನರಲ್ಲಿ ಅಳಿದುದರಿಂದ. ಸೌರಫಲಕಗಳಿಗೂ ಅದೇ ಗತಿ ಬರಬಾರದು. ಕಟ್ಟುವ ಮುನ್ನ ಊರಿನವರನ್ನು ಕೇಳುವುದು, ಲೆಕ್ಕವನ್ನು ಅವರ ಮುಂದೆ ತೆರೆದಿಡುವುದು, ಗೇಣು ನೆಲವೂ ಇಲ್ಲದವನಿಗೂ ಪಾಲು ಗೊತ್ತುಮಾಡುವುದು: ಈ ಮೂರೂ ಆದಾಗ, ಮಳೆ ಬಾರದ ವರ್ಷದಲ್ಲಿಯೂ ಊರು ಊರಾಗಿ ನಿಲ್ಲುತ್ತದೆ.