ಸವಾಲು ಕಟ್ಟುವ ಕಲೆ

ಹಾಡಿನಲ್ಲಿ ಕೇಳಿದ ಪ್ರಶ್ನೆಗೆ ಹಾಡಿನಲ್ಲಿಯೇ ಉತ್ತರ ಕೊಡುವುದು ಕಷ್ಟದ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ. ಅದಕ್ಕಿಂತಲೂ ಕಷ್ಟವಾದುದೊಂದುಂಟು: ಬೆವರು ಸುರಿಸದವನಿಗೆ ದೊರೆಯದಂಥ, ಆದರೆ ಬೆವರು ಸುರಿಸಿದವನಿಗೆ ದೊರೆಯದೆ ಇರದಂಥ ಉತ್ತರವುಳ್ಳ ಪ್ರಶ್ನೆಯನ್ನು ಕಟ್ಟುವುದು. ಚಪ್ಪಾಳೆಯೆಲ್ಲ ಉತ್ತರ ಕೊಟ್ಟವರಿಗೆ ಸಲ್ಲುತ್ತದೆ. ಕಟ್ಟಿದವರ ಜಾಣತನ ಹೆಚ್ಚಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ಗೀಗೀ ಮೇಳದವರು ತಲೆಮಾರುಗಳಿಂದ ಮಾಡುತ್ತ ಬಂದ ಈ ಕೆಲಸವನ್ನೇ ಕಡಲಾಚೆಯ ಜನರು ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ ಮಾಡುತ್ತಿದ್ದಾರೆಂಬುದು ಸೋಜಿಗದ ಸಂಗತಿ.

ಗೀಗೀ ಮೇಳದ ಸಾಮಗ್ರಿ ಬಹಳವಿಲ್ಲ. ಮುಂದಾಳಿನ ಕೈಯಲ್ಲಿ ಡಪ್ಪು; ಹಿಂದೆ ನಿಂತು ಸೊಲ್ಲು ಹಿಡಿಯುವವರ ಕೈಯಲ್ಲಿ ತುಂತುಣಿ ಮತ್ತು ತಾಳ. ಜಾತ್ರೆಯ ರಾತ್ರಿ ಎರಡು ಮೇಳಗಳು ಎದುರುಬದುರಾಗುತ್ತವೆ. ಹರದೇಶಿ ಮೇಳದವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಸಾಧಿಸಬೇಕು. ನಾಗೇಶಿ ಮೇಳದವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ಸಾಧಿಸಬೇಕು. ಮೊದಲನೆಯವರದು ತುರಾಯಿ, ಎರಡನೆಯವರದು ಕಲಗಿ. ಎರಡೂ ಮುಂಡಾಸಕ್ಕೆ ಸಿಕ್ಕಿಸುವ ಆಭರಣಗಳ ಹೆಸರು. ತುಕನಗೀರನೆಂಬ ಗೋಸಾವಿಯೂ ಶಾಹ ಅಲಿಯೆಂಬ ಫಕೀರನೂ ಹಾಡಿನ ವಾದಕ್ಕೆ ನಿಂತಾಗ, ಮೆಚ್ಚಿದ ಚಂದೇರಿಯ ಅರಸನು ಒಬ್ಬನಿಗೆ ತುರಾಯಿಯನ್ನೂ ಇನ್ನೊಬ್ಬನಿಗೆ ಕಲಗಿಯನ್ನೂ ಕೊಟ್ಟನೆಂದು ಐತಿಹ್ಯ. ಹಾಡುವವನು ಮನೆಯಲ್ಲಿ ಯಾವ ದೇವರಿಗೆ ದೀಪ ಹಚ್ಚುತ್ತಾನೆಂಬುದು ಇಲ್ಲಿ ಮುಖ್ಯವಲ್ಲ. ಆ ರಾತ್ರಿಯ ಮಟ್ಟಿಗೆ ಅವನು ಹರನ ವಕೀಲ. ಎದುರಿಗೆ ನಿಂತ ಹಾಡುಗಾರ್ತಿ ಶಕ್ತಿಯ ವಕೀಲಳು. ತೊಟ್ಟ ಪಾತ್ರವನ್ನು ಬಿಡದೆ ನಡೆಸಬೇಕು.

ಸವಾಲು ಕಟ್ಟುವ ಬಗೆಯನ್ನು ತಿಳಿಯಲು ಒಂದು ಮಾದರಿಯನ್ನು ಕಲ್ಪಿಸಿಕೊಳ್ಳಬಹುದು. ಒಂದು ಊರಿಗೆ ಒಂಬತ್ತು ಬಾಗಿಲು, ಆರು ಅಂತಸ್ತು, ಐವರು ಕಾವಲುಗಾರರು; ಊರ ಗೌಡ ಹೊರಬಿದ್ದನೆಂದರೆ ಬಾಗಿಲೆಲ್ಲ ತೆರೆದೇ ಇದ್ದರೂ ಊರು ಹಾಳು. ಆ ಊರು ಯಾವುದು, ಕಟ್ಟಿದವರು ಯಾರು? ಒಂಬತ್ತು ಬಾಗಿಲು ಎಂದೊಡನೆ ಜಾತ್ರೆಗೆ ಬಂದ ಅರ್ಧ ಜನರಿಗೆ ಅದು ದೇಹವೆಂದು ಹೊಳೆಯುತ್ತದೆ. ಶಿಶುನಾಳದ ಶರೀಫ ಸಾಹೇಬರು (1819–1889) ಹಾಡಿದ ನಾಡು ಇದು. ಮನೆ ಎಂದರೆ ಬರೀ ಮಣ್ಣಿನ ಮನೆಯಲ್ಲವೆಂಬುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಐವರು ಕಾವಲುಗಾರರು ಪಂಚೇಂದ್ರಿಯಗಳೆಂಬುದಕ್ಕೆ ತುಸು ಯೋಚನೆ ಬೇಕು. ಆರು ಅಂತಸ್ತು ಷಟ್ಚಕ್ರಗಳೆಂದು ಹೇಳುವುದಕ್ಕೆ ಗುರುವಿನ ಬಳಿ ಕುಳಿತು ಕಲಿತಿರಬೇಕು. ಹೀಗೆ ಒಂದೇ ಗಂಟಿನಲ್ಲಿ ಮೂರು ಎಳೆ. ಮೊದಲಿನ ಎಳೆ ಕೇಳುವವರದು; ಅದು ಅವರ ಕೈಗೆ ಸಿಕ್ಕಿದುದರಿಂದಲೇ ಅವರು ನ್ಯಾಯ ಹೇಳುವವರಾಗುತ್ತಾರೆ. ಕೇಳುವವರಿಗೆ ಏನೊಂದೂ ತಿಳಿಯದ ಸವಾಲಿನಲ್ಲಿ ಗೆಲವು ಸೋಲುಗಳನ್ನು ಅಳೆಯುವವರಾರು?

ಇನ್ನು ‘ಕಟ್ಟಿದವರು ಯಾರು’ ಎಂಬ ಕೊನೆಯ ತುಂಡು. ಸವಾಲಿನ ಜೀವವೆಲ್ಲ ಅಲ್ಲಿದೆ. ಹರದೇಶಿಯವನು ಬೀಜವಿಲ್ಲದೆ ಬೆಳೆ ಎಲ್ಲಿಯದೆಂದು ಕೇಳುತ್ತಾನೆ. ನಾಗೇಶಿಯವಳು ನೆಲವೇ ಇಲ್ಲದಿದ್ದರೆ ಬೀಜವನ್ನು ಎಲ್ಲಿ ಬಿತ್ತಿದೆಯೆಂದು ತಿರುಗಿ ಕೇಳುತ್ತಾಳೆ. ಎರೆಯ ಹೊಲದಲ್ಲಿ ಜೋಳ ಬಿತ್ತುವ ಜನರ ಮುಂದೆ ಈ ಮಾತಿಗೆ ಬೇರೆ ಪ್ರಮಾಣ ಬೇಕಿಲ್ಲ. ಉತ್ತರವೇ ಹೊಸ ಸವಾಲಾಗಿ ನಿಂತಿತು, ರಾತ್ರಿ ಮುಂದುವರಿಯಿತು. ಉತ್ತರ ಕೊಡುವವರ ಬುದ್ಧಿ ಮಾತ್ರವಲ್ಲ, ಪ್ರಾಸ, ಧಾಟಿ, ಕೊರಳು, ನಿದ್ದೆಗೆಟ್ಟ ಮೈಯ ತಾಳಿಕೆ, ಎಲ್ಲದರ ಪರೀಕ್ಷೆಯೂ ಒಟ್ಟಿಗೆ ನಡೆಯುತ್ತದೆ. ಜ್ಞಾನದಲ್ಲಿ ಕೊಂಚ ಹಿಂದಾದವರು ಚಮತ್ಕಾರದಿಂದ ಪಾರಾಗಬಹುದು. ಚಮತ್ಕಾರ ಹೊಳೆಯದವರು ಪುರಾಣದ ಆಧಾರ ತೋರಿಸಿ ನಿಲ್ಲಬಹುದು.

ಕೆಟ್ಟ ಸವಾಲುಗಳೂ ಬೇಕಾದಷ್ಟಿವೆ. ಭೀಮನ ಗದೆಯ ತೂಕ ಎಷ್ಟು ಮಣ ಎಂದು ಕೇಳಿದರೆ ಏನು ಫಲ? ಅದರ ಉತ್ತರ ಕೇಳಿದವನ ವಹಿಯಲ್ಲಿ ಮಾತ್ರ ಇರುತ್ತದೆ. ಅಲ್ಲಿಗೆ ಯೋಚನೆಯ ದಾರಿಯಿಲ್ಲ. ಜಾಣನೂ ಪೆದ್ದನೂ ಸಮಾನರು. ಕೇಳುವ ಜನರು ಮೆಲ್ಲನೆ ಎದ್ದು ಗಿರಮಿಟ್ಟು ಮಿರ್ಚಿಯ ಅಂಗಡಿಯತ್ತ ನಡೆಯುತ್ತಾರೆ. ತಾನೇ ಬಿಚ್ಚಲಾರದ ಗಂಟು ಹಾಕುವವನಂತೂ ಇನ್ನೂ ಕೀಳು. ಅದಕ್ಕಿಂತಲೂ ಹೇಯವಾದುದು, ಎದುರಿನ ಹಾಡುಗಾರ್ತಿಯ ಮರ್ಯಾದೆಗೆ ಕೈ ಹಾಕುವ ಪ್ರಶ್ನೆ. ಅವಳು ಬಂದಿರುವುದು ವಿದ್ಯೆ ತೋರಿಸಲು. ಬೈಗುಳಕ್ಕೆ ವಿದ್ಯೆಯಿಂದ ಉತ್ತರವಿಲ್ಲ. ಊರ ಜನರ ಮುಂದೆ ಅವಳು ತಲೆ ತಗ್ಗಿಸಿದರೆ ಅದು ಹರದೇಶಿಯ ಗೆಲವಲ್ಲ, ಆಟವೇ ಮುರಿದುದರ ಗುರುತು.

ಇನ್ನು ಕಡಲಾಚೆಯ ಆಟದ ವಿಚಾರ. ಅಮೇರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಇದರಲ್ಲಿ ಒಬ್ಬನು ಸೂತ್ರಧಾರ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ: ಒಬ್ಬ ಕತ್ತಿವರಸೆಯವ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಸೂತ್ರಧಾರನು ರಾಕ್ಷಸರ ಗುಹೆಯನ್ನೋ ಹಾಳು ಕೋಟೆಯನ್ನೋ ಬಣ್ಣಿಸುತ್ತಾನೆ. ಆಟಗಾರರು ತಾವೇನು ಮಾಡುವೆವೆಂದು ಹೇಳುತ್ತಾರೆ. ಆದೀತೋ ಆಗದೋ ಎಂಬುದನ್ನು 20 ಮುಖಗಳ ದಾಳ ನಿರ್ಣಯಿಸುತ್ತದೆ. ಆದರೆ ದಾಳವೇ ಎಲ್ಲವೂ ಅಲ್ಲ. 2014ರ ನಿಯಮಗಳಂತೆ ಸುಲಭದ ಕೆಲಸಕ್ಕೆ 10 ಅಂಕ, ನಡುತರದ್ದಕ್ಕೆ 15, ಕಠಿಣವಾದುದಕ್ಕೆ 20 ಅಂಕ ಬೇಕು. ಪಾತ್ರಧಾರಿಗೆ ಆ ವಿದ್ಯೆಯಲ್ಲಿ 5 ಅಂಕದಷ್ಟು ಕೈ ಪಳಗಿದ್ದರೆ, ನಡುತರದ ಕೆಲಸಕ್ಕೆ ದಾಳದಲ್ಲಿ 10 ಅಥವಾ ಅದಕ್ಕೆ ಮೇಲೆ ಬಿದ್ದರೆ ಸಾಕು. 20ರಲ್ಲಿ 11 ಮುಖಗಳು ಅವನಿಗೆ ಅನುಕೂಲ. ಪಳಗದ ಕೈಗೆ 6 ಮುಖಗಳು ಮಾತ್ರ. ಕಲಿತ ವಿದ್ಯೆಗೆ ಇಷ್ಟು ಬೆಲೆ.

ಅನನುಭವಿಯಾದ ಸೂತ್ರಧಾರನು ಮಾಡುವ ತಪ್ಪು ಗದೆಯ ತೂಕ ಕೇಳುವ ಹಾಡುಗಾರನದೇ. ಕಥೆ ಮುಂದುವರಿಯಲು ಒಂದೇ ಬಾಗಿಲು, ಬಾಗಿಲಿಗೆ ಒಂದೇ ಬೀಗ, ಬೀಗ ತೆರೆಯಲು ಒಂದೇ ದಾಳ. ದಾಳ ಕೈಕೊಟ್ಟಿತೆಂದರೆ ಐದು ಜನರೂ ಪರಸ್ಪರ ಮುಖ ನೋಡುತ್ತ ಕುಳಿತಿರಬೇಕು. ಈ ಅಡಚಣೆಗೆ ಆ ಆಟದ 2008ರ ಆವೃತ್ತಿಯು ಒಂದು ಪರಿಹಾರ ಹುಡುಕಿತು. ದೊಡ್ಡ ಸವಾಲನ್ನು ಹಲವು ತುಂಡು ಮಾಡಬೇಕು. ಬೇರೆ ಬೇರೆ ವಿದ್ಯೆಗಳವರು ಅದಕ್ಕೆ ಕೈ ಹಾಕಬೇಕು. ತಿದ್ದಿದ ನಿಯಮದಂತೆ, ಮೂರು ಸೋಲು ಬರುವುದರೊಳಗೆ ಗೊತ್ತುಮಾಡಿದಷ್ಟು ಗೆಲವು ಸಂಪಾದಿಸಬೇಕು. ನಿಯಮವೇನೋ ಚೆನ್ನ. ಆದರೆ ಎಷ್ಟು ಗೆಲವು, ಎಷ್ಟು ಸೋಲು ಎಂದು ಲೆಕ್ಕ ಬರೆಯುತ್ತ ಹೋದರೆ ಆಟ ಶಾನುಭೋಗರ ಕಡತವಾಗುವುದೂ ಉಂಟು.

ಲೆಕ್ಕವಿಲ್ಲದೆ ಕಟ್ಟಿದ ಸವಾಲಿನ ಅತ್ಯುತ್ತಮ ಮಾದರಿ ಮಹಾಭಾರತದ ಅರಣ್ಯಪರ್ವದಲ್ಲಿದೆ. ಕುಮಾರವ್ಯಾಸನ ಊರೆಂದು ಹೆಸರಾದ ಕೋಳಿವಾಡ ಹುಬ್ಬಳ್ಳಿಗೆ ಸಮೀಪದಲ್ಲಿಯೇ ಇರುವುದರಿಂದ, ಯಕ್ಷಪ್ರಶ್ನೆಯ ಕಥೆಯನ್ನು ಈ ಭಾಗದವರಿಗೆ ಹೊಸದಾಗಿ ಹೇಳಬೇಕಿಲ್ಲ. ಗಮನಿಸತಕ್ಕದ್ದು ಅದರ ರಚನೆ. ಮುಟ್ಟುವ ಮುನ್ನವೇ ಎಚ್ಚರಿಕೆ ಬರುತ್ತದೆ: ಪ್ರಶ್ನೆಗೆ ಉತ್ತರಿಸಿ ನೀರು ಕುಡಿ. ಪಣವೇನೆಂಬುದು ಕೊಳದ ದಡದಲ್ಲಿ ಬಿದ್ದಿರುವ ತಮ್ಮಂದಿರ ದೇಹಗಳಿಂದಲೇ ಸ್ಪಷ್ಟ. ಭೀಮಾರ್ಜುನರ ತೋಳ್ಬಲಕ್ಕೆ ಅಲ್ಲಿ ಕೆಲಸವಿಲ್ಲ. ಕೇಳಿಸಿಕೊಳ್ಳುವ ತಾಳ್ಮೆಯುಳ್ಳವನಿಗೇ ದಾರಿ. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಯಕ್ಷನು ಒಬ್ಬ ತಮ್ಮನನ್ನು ಆರಿಸಿಕೋ ಎನ್ನುತ್ತಾನೆ. ಇದಕ್ಕೆ ಸರಿಯುತ್ತರವೆಂಬುದೇ ಇಲ್ಲ. ಧರ್ಮರಾಯನು ಮಾದ್ರಿಗೂ ಒಬ್ಬ ಮಗನು ಉಳಿಯಲೆಂದು ನಕುಲನನ್ನು ಕೇಳುತ್ತಾನೆ. ಅಲ್ಲಿಯವರೆಗೆ ಯಕ್ಷನು ಅವನ ತಿಳಿವಳಿಕೆಯನ್ನು ನೋಡಿದ್ದನು. ಈಗ ಅವನನ್ನೇ ನೋಡಿದನು.

ಗೀಗೀ ಸವಾಲಿಗೆ ಇಂದು ಒದಗಿರುವ ತೊಡಕು ವೇಳೆಯದು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಂದಿನಿಂದ ಜನಪದ ಗೀತಗಳು ಮನೆಮನೆಗೆ ಬಂದವು. ಅದು ದೊಡ್ಡ ಉಪಕಾರ. ಆದರೆ ರಾತ್ರಿಯಿಡೀ ಬೆಳೆಯುವ ವಾದ ಕೆಲವು ನಿಮಿಷಗಳ ಕಾರ್ಯಕ್ರಮದಲ್ಲಿ ಹಿಡಿಸಲಾರದು. ಪುಸ್ತಕದ ಮಾತೂ ಅಷ್ಟೇ. ಹಲಸಂಗಿಯ ಗೆಳೆಯರು 1933ರಲ್ಲಿ ‘ಜೀವನ ಸಂಗೀತ’ವೆಂದು ಲಾವಣಿಗಳನ್ನು ಅಚ್ಚು ಮಾಡಿಸಿ ಉಳಿಸಿದರು. ಪದ ಉಳಿದೀತು, ಆ ಕ್ಷಣದಲ್ಲಿ ಎದುರಾಳಿಯ ಮುಖ ನೋಡಿ ಗಂಟನ್ನು ತುಸು ಬಿಗಿದು ತುಸು ಸಡಿಲಿಸುವ ಕೈ ಅಚ್ಚಿಗೆ ಸಿಗುವುದಿಲ್ಲ.

ಹಾಗಾದರೆ ಧಾರವಾಡದ ತರುಣರು ನಾಲ್ವರು ಮೇಜಿನ ಸುತ್ತ ಕುಳಿತರೆನ್ನೋಣ. ಅವರಿಗೆ ಪಾಶ್ಚಾತ್ಯರ ಕೋಟೆ, ಬೆಂಕಿ ಉಗುಳುವ ಹಲ್ಲಿ ಯಾಕೆ? ಉಣಕಲ್ಲಿನಲ್ಲಿ ಕೆರೆಯಿದೆ, ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚಂದ್ರಮೌಳೇಶ್ವರನ ಪ್ರಾಚೀನ ಗುಡಿಯಿದೆ. ಸೂತ್ರಧಾರನು ಕಥೆ ಕಟ್ಟಲಿ: ಆಷಾಢದ ಮಳೆ, ನಡುರಾತ್ರಿ, ಕೆರೆಯ ಏರಿ ಒಡೆಯುವಂತಿದೆ, ನೀರನ್ನು ತಡೆಯಬಲ್ಲ ಮಾಯೆಯ ತುರಾಯಿ ಗರ್ಭಗುಡಿಯಲ್ಲಿದೆ. ಮೂಡಣ ಬಾಗಿಲಲ್ಲಿ ಕಲ್ಲಿನ ದ್ವಾರಪಾಲಕನು ಬಾಯಿ ತೆರೆದು ಸವಾಲು ಹಾಕುತ್ತಾನೆ. ಅದು ಹಾಡುಗಾರ್ತಿಯ ಪಾಲು. ತೆಂಕಣ ಬಾಗಿಲಿನ ಕೀಲು ತುಕ್ಕು ಹಿಡಿದಿದೆ, ಅಲ್ಲಿ ಕಮ್ಮಾರನ ಕೈ ನಡೆದೀತು. ಪಡುವಣದಲ್ಲಿ ಕಾವಲಿರುವ ಭೂತದ ನಾಯಿಗೆ ಕುರಿಗಾಹಿಯ ಸಿಳ್ಳೆ ತಿಳಿಯುತ್ತದೆ. ಬಡಗಣ ಬಾಗಿಲು ತೆರೆದೇ ಇದೆ, ಕಳ್ಳನಿಗೆ ಮಾತ್ರ ಅದರ ಮೇಲೆ ಸಂಶಯ. ಒಂದೊಂದು ಸೋಲಿಗೂ ನೀರು ಒಂದೊಂದು ಮೆಟ್ಟಲು ಮೇಲೇರಲಿ. ಮೂರನೆಯ ಮೆಟ್ಟಲು ಮುಳುಗಿದಾಗಲೂ ಬಾಗಿಲು ಮುಚ್ಚಿಹೋಗಬಾರದು. ಆಗ ದ್ವಾರಪಾಲಕನು ಹಾಡುಗಾರ್ತಿಯತ್ತ ಕೈ ಚಾಚಿ, ಒಳಗೆ ಬಿಡುತ್ತೇನೆ, ನಿನ್ನ ಕೊರಳನ್ನು ಇಲ್ಲಿಟ್ಟು ಹೋಗು ಎನ್ನಲಿ. ಕೊಡುವಳೋ ಇಲ್ಲವೋ ಎಂಬುದಕ್ಕೆ ದಾಳ ಬೇಕಾಗಿಲ್ಲ.